ಅತ್ತೆಯ ನ್ಯೂಮಾ

ನನ್ನ ಗಂಡನಿಗೆ ಪದಗಳ ಹುಚ್ಚು. ಹೆಸರು ಸೋಮೇಶ್, ಗುಂಡ್ಲುಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರ ಕಿವಿಗೆ ಒಂದು ಇಂಗ್ಲಿಷ್ ಪದ ಬಿದ್ದರೆ ಸಾಕು, ಅದರ ಅಪ್ಪ ಯಾರು, ತಾತ ಯಾರು, ಯಾವ ದೇಶದಲ್ಲಿ ಹುಟ್ಟಿ ಯಾವ ದಾರಿ ಹಿಡಿದು ಬಂತು ಎಂದು ಹೇಳಿ ಮುಗಿಸುವವರೆಗೆ ಅನ್ನ ಸೇರುವುದಿಲ್ಲ. ನನ್ನನ್ನು ನೋಡಲು ನಮ್ಮೂರು ಉಡಿಗಾಲಕ್ಕೆ ಬಂದ ದಿನ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಕೈಗೆತ್ತಿಕೊಂಡು, ‘ಇದರ ಅರ್ಥ ಎರಡು ಸಲ ಬೇಯಿಸಿದ್ದು ಅಂತ’ ಎಂದಿದ್ದರು. ಅವತ್ತು ಆಡಿದ್ದು ಅದೊಂದೇ ಮಾತು. ನನ್ನ ತವರಿನವರು ಹುಡುಗ ಮಿತಭಾಷಿ ಎಂದುಕೊಂಡು ಒಪ್ಪಿಬಿಟ್ಟರು.

ಈ ಸಲ ಅವರೆಕಾಯಿ ಕಾಲದ ಚಳಿಯಲ್ಲಿ ನಮ್ಮ ಅತ್ತೆ ಪುಟ್ಟಮಲ್ಲಮ್ಮನವರಿಗೆ ಜ್ವರ ಬಂದು ಬಿಡಲೇ ಇಲ್ಲ. ತೆರಕಣಾಂಬಿಯ ನಮ್ಮ ಬೀದಿಯವರೆಲ್ಲ ‘ಗಾಳಿ ಸೋಕಿರಬೇಕು, ಯಾರ ಹತ್ತಿರವಾದರೂ ಊದಿಸಿ’ ಎಂದರು. ನಾವು ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಎಕ್ಸರೆಯನ್ನು ಬೆಳಕಿಗೆ ಹಿಡಿದು ‘ನ್ಯುಮೋನಿಯ’ ಎಂದಾಗ ನನಗೆ ಎರಡು ಭಯ ಒಟ್ಟಿಗೆ ಆದವು. ಒಂದು ಅತ್ತೆಯದು. ಇನ್ನೊಂದು, ಈಗ ಇವರು ಬಾಯಿ ತೆರೆಯುತ್ತಾರಲ್ಲ ಎನ್ನುವುದು.

ತೆರೆದೇಬಿಟ್ಟರು. ‘ಡಾಕ್ಟ್ರೇ, ಇದು ಹಳೇ ಗ್ರೀಕರ ಪದ ಅಲ್ವಾ? ನ್ಯೂಮಾ. ಅಂದ್ರೆ ಗಾಳಿ.’

‘ಇರ್ಬೇಕು’ ಎಂದರು ಡಾಕ್ಟರು. ‘ಚಾಮರಾಜನಗರಕ್ಕೆ ಕರ್ಕೊಂಡೋಗಿ ಅಡ್ಮಿಟ್ ಮಾಡಿ. ಈಗ್ಲೇ ಹೊರಡಿ.’

ಬಾಡಿಗೆ ಕಾರು ಹಿಡಿದೆವು. ಚಕ್ರದಲ್ಲಿ ಗಾಳಿ ಕಡಿಮೆ ಎಂದು ಡ್ರೈವರು ಬಸ್ ಸ್ಟ್ಯಾಂಡಿನ ಪಕ್ಕದ ಪಂಚರ್ ಅಂಗಡಿಯಲ್ಲಿ ನಿಲ್ಲಿಸಿದ. ಇವರು ಇಳಿದು ನಿಂತು, ಗಾಳಿ ತುಂಬುತ್ತಿದ್ದ ಸುಲ್ತಾನ್ ಬತ್ತೇರಿಯ ಮಲಯಾಳಿಗೆ ಪಾಠ ಶುರು ಮಾಡಿದರು. ಟೈರಿಗೆ ನ್ಯೂಮ್ಯಾಟಿಕ್ ಎನ್ನುವುದು, ಅವ್ವನ ಕಾಯಿಲೆಗೆ ನ್ಯುಮೋನಿಯ ಎನ್ನುವುದು, ಎರಡೂ ಒಂದೇ ಬೇರಿನ ಚಿಗುರು. ಮೊದಲು ಅದು ಬರೀ ಬೀಸುವ ಗಾಳಿಯಾಗಿತ್ತು, ಆಮೇಲೆ ಮೂಗಿನ ಉಸಿರಾಯಿತು, ಆಮೇಲೆ ಅದನ್ನೇ ಜೀವ ಎಂದರು. ದೇಹದ ನಾಳಗಳಲ್ಲಿ ಓಡಾಡುವುದೇ ಆ ಗಾಳಿ ಎಂದು ಗ್ರೀಕರ ಕೆಲವು ವೈದ್ಯರು ನಂಬಿದ್ದರು.

‘ನಮ್ಮಲ್ಲಿ ಗಾಳಿಗೆ ಕಾಟ್ಟ್ ಅಂತ ಹೇಳ್ತಾರೆ ಸಾರೇ’ ಎಂದ ಆತ. ‘ಹಿಂದಿನ ಚಕ್ರಕ್ಕೂ ಬೇಕಾ?’

‘ನಮ್ ಕನ್ನಡದಲ್ಲೂ ನೋಡಿ, ಬೀಸೋದೂ ಗಾಳಿ, ಮೆಟ್ಕೊಳ್ಳೋದೂ ಗಾಳಿ. ಗ್ರೀಕರಿಗೂ ನಮಗೂ ಎಷ್ಟು ಹತ್ರ!’

ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ಒರಗಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು, ‘ಲೇ ಸೋಮ, ಚಕ್ರದ ಗಾಳಿ ಆಮ್ಯಾಕ ನೋಡುವಂತೆ. ಮೊದ್ಲು ನನ್ ಗಾಳಿ ನೋಡ್ಲಾ.’

ನಾನು ನಕ್ಕುಬಿಟ್ಟೆ. ಇವರು ಬಂದು ಕೂತು ಕಾರು ಹೊರಟಾಗ ನೋಡಿದೆ, ಎಕ್ಸರೆಯ ಲಕೋಟೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದರು. ಭಯವಾದರೆ ಕೆಲವರು ದೇವರ ಹೆಸರು ಹೇಳುತ್ತಾರೆ, ನಮ್ಮವರು ಪದದ ಮೂಲ ಹೇಳುತ್ತಾರೆ. ಅದು ಗೊತ್ತಿದ್ದೂ ನಾನು ಅವರನ್ನು ಬೈಯುವುದು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರಿಗೆ ಎಂಜಲು ಎಂದರೆ ಆಗದು. ಲಿಂಗ ಕಟ್ಟಿದ ಕೊರಳು, ಪೂಜೆಯಾಗದೆ ತೊಟ್ಟು ನೀರು ಇಳಿಸದ ಕೊರಳು. ಅವರ ತಂಬಿಗೆ ಬೇರೆ, ತಟ್ಟೆ ಬೇರೆ. ತಮ್ಮ ಎಂಜಲು ಇನ್ನೊಬ್ಬರಿಗೆ ಕೊಡರು, ಇನ್ನೊಬ್ಬರದು ತಾವು ಮುಟ್ಟರು. ಹೆತ್ತ ಮಗನಿಗೂ ಇದೇ ಕಾನೂನು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬಸ್ಸಾರಿಗೆ ಉಪ್ಪು ಹಿಡಿದಿದೆಯೋ ಎಂದು ಸೌಟಿನಿಂದಲೇ ನೆಕ್ಕಿ ನೋಡಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಇಳಿಬಿಟ್ಟಿದ್ದೆ. ತವರಿನಲ್ಲಿ ನಮ್ಮದು ಅಂಥ ಕಟ್ಟುನಿಟ್ಟಿನ ಮನೆಯಲ್ಲ. ಅತ್ತೆ ಒಂದು ಮಾತೂ ಆಡದೆ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ಎಮ್ಮೆಯ ಕಲಗಚ್ಚಿಗೆ ಸುರಿದು ಬಂದರು. ಆ ಎಮ್ಮೆ ತೃಪ್ತಿಯಿಂದ ಕುಡಿಯಿತು. ನನಗೆ ಮಾತ್ರ ಆ ಸಾರಿನ ಸಂಕಟ ಇವತ್ತಿಗೂ ಕರಗಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಹಾಗಂತ ಅವರು ಕೆಟ್ಟವರಲ್ಲ. ಮನೆಗೆ ಗ್ಯಾಸ್ ಬಂದಿದೆ, ಆದರೂ ಹಂಡೆಯ ನೀರು ಕಾಯುವುದು ಸೌದೆ ಒಲೆಯಲ್ಲೇ, ಮತ್ತು ಆ ಒಲೆ ಅವರದು. ಬೆಳಗಾದರೆ ಕಬ್ಬಿಣದ ಊದುಗೊಳವೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಮನೆಯವರೆಲ್ಲ ಬಿಸಿನೀರು ಹುಯ್ದುಕೊಂಡ ಮೇಲೆ ಕಡೆಗೆ ಉಳಿದದ್ದರಲ್ಲಿ ತಾವು. ಆ ಊದುಗೊಳವೆಯ ತುದಿಯನ್ನೂ ಬೇರೆಯವರು ಬಾಯಿಗಿಡುವಂತಿಲ್ಲ. ನನಗೆ ಬೇರೆಯದೊಂದು ಇದೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದು ವಾರಕ್ಕೆ ಜ್ವರ ಇಳಿಯಿತು. ಬಿಡುಗಡೆಯ ದಿನ ನಾನು ಕೆಳಗೆ ಔಷಧಿ ತರಲು ಹೋಗಿದ್ದೆ. ಆಗ ಕುಮಾರಿ ಎಂಬ ನರ್ಸ್ ಇವರ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬ ಕೊಟ್ಟರಂತೆ. ಪಾರದರ್ಶಕ ಡಬ್ಬ, ಒಳಗೆ ಮೂರು ಗೂಡು, ಒಂದೊಂದರಲ್ಲೂ ಒಂದು ಹಗುರವಾದ ಗುಂಡು, ಪಕ್ಕದಲ್ಲಿ ಬಾಯಿಗಿಡಲು ಒಂದು ಕೊಳವೆ. ದಿನವೂ ಅಜ್ಜಿಯ ಕೈಲಿ ಮಾಡಿಸಿ, ಮೂರೂ ಗುಂಡು ಮೇಲೆದ್ದರೆ ಶ್ವಾಸಕೋಶ ಸರಿಯಾಯಿತು ಎಂದರ್ಥ ಎಂದು ಹೇಳಿ, ‘ಉಸಿರನ್ನು ಹೇಗೆ...’ ಎನ್ನುವಷ್ಟರಲ್ಲಿ ಇವರು ‘ಗೊತ್ತಮ್ಮ, ಗೊತ್ತು’ ಎಂದಿದ್ದಾರೆ. ಆಚೆ ಮಂಚದವರು ಕೂಗಿದರು, ಕುಮಾರಿ ಅತ್ತ ಓಡಿದರು. ಇವರು ಅವ್ವನ ಕಡೆ ತಿರುಗಿ, ‘ಇದನ್ನ ಬಾಯಿಗಿಟ್ಕೊಂಡು ಊದ್ಬೇಕವ್ವ. ನ್ಯೂಮಾ ಅನ್ನೋದ್ರ ಮೂಲದಲ್ಲೂ ಊದು ಅಂತಲೇ ಅರ್ಥ’ ಎಂದು ವಿವರಿಸಿದ್ದಾರೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮನೆಗೆ ಬಂದ ಮೇಲೆ ಅತ್ತೆ ಡಬ್ಬವನ್ನು ತಮ್ಮ ತಂಬಿಗೆಯ ಪಕ್ಕದಲ್ಲಿಟ್ಟುಕೊಂಡರು. ಅದು ಅವರ ಬಾಯಿಗೆ ಹೋಗುವ ವಸ್ತು, ಹಾಗಾಗಿ ನಮ್ಮಲ್ಲಿ ಯಾರೂ ಅದರ ತಂಟೆಗೆ ಹೋಗಲಿಲ್ಲ. ಪೂಜೆ ಮುಗಿಸಿ, ಗೋಡೆಗೆ ಒರಗಿ ಕೂತು, ಕೊಳವೆಯನ್ನು ಬಾಯಿಗಿಟ್ಟು ಊದಿದರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಗುಂಡುಗಳು ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತೇ ಇದ್ದವು.

‘ನಾಳೆ ಏಳ್ತಾವೆ ಬುಡಿ ಅತ್ತೆ’ ಎಂದೆ.

ನಾಳೆಯೂ ಏಳಲಿಲ್ಲ, ನಾಳಿದ್ದೂ ಏಳಲಿಲ್ಲ. ಇವರು ಆಸ್ಪತ್ರೆಗೆ ಫೋನ್ ಮಾಡಿ, ಒಂದು ಗುಂಡೂ ಅಲುಗುತ್ತಿಲ್ಲ ಎಂದರು. ಹಾಗಾದರೆ ಎದೆಯಲ್ಲಿ ಕಫ ಕೂರುತ್ತದೆ, ಕಾಯಿಲೆ ಮರುಕಳಿಸಬಹುದು, ಕರೆದುಕೊಂಡು ಬಂದು ಮತ್ತೆ ಅಡ್ಮಿಟ್ ಮಾಡಿ ಎಂದರು ಅಲ್ಲಿಯ ಡಾಕ್ಟರು. ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡಿದ್ದರು.

‘ನಾ ಇನ್ನೆಲ್ಗೂ ಬರಕಿಲ್ಲ’ ಎಂದರು. ‘ಕಾರ್ ಚಕ್ರಕ್ಕ ಗಾಳಿ ತುಂಬುಸ್ದಾಗ ನೀನೇ ಅಂದ್ಯಲ್ಲ ಮಗ, ಉಸ್ರೂ ಅದೇ, ಜೀವ್ವೂ ಅದೇ ಅಂತ. ಊದುದ್ರ ಒಂದ್ ಗುಂಡೂ ಏಳ್ನಿಲ್ಲ. ಅಂದ್ರ ಒಳ್ಗ ಖಾಲಿ ಅಂತ ತಾನೇ?’

‘ಅವ್ವ, ಅದು ಎರಡೂವರೆ ಸಾವ್ರ ವರ್ಷದ ಹಿಂದಿನ ಗ್ರೀಕರು ಹೇಳಿದ್ದು!’

‘ಅಷ್ಟ್ ಹಿಂದಿನ್ ಜನ ಸುಳ್ಳು ಯೋಳಾರಾ?’

ಅವತ್ತಿನಿಂದ ಅತ್ತೆ ಹಾಸಿಗೆ ಹಿಡಿದರು. ಮಾತ್ರೆ ಕೊಟ್ಟರೆ ದಿಂಬಿನ ಕೆಳಗೆ ಸೇರುತ್ತಿತ್ತು. ರಾಗಿ ಗಂಜಿಯನ್ನು ಎರಡು ಗುಟುಕಿಗೆ ಸಾಕೆನ್ನುತ್ತಿದ್ದರು. ಎದ್ದು ಓಡಾಡಿ ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಜ್ವರ ಬಿಟ್ಟ ಮೈ, ನಮ್ಮ ಕಣ್ಣೆದುರೇ ಇಳಿಯತೊಡಗಿತು. ಕಾಯಿಲೆ ಕೊಲ್ಲದವರನ್ನು ಈ ಹಟವೇ ಕೊಲ್ಲುತ್ತದೆ ಎಂದು ನನಗೆ ಖಾತ್ರಿಯಾಯಿತು. ಇವರಂತೂ ಮೌನವಾಗಿಬಿಟ್ಟರು. ಕಾಲೇಜಿನಿಂದ ಬಂದು ಅವ್ವನ ಕಾಲ ಬಳಿ ಕೂರುವುದು, ಏಳುವುದು, ಅಷ್ಟೇ. ಒಂದು ದಿನ ನಾನೇ ತಡೆಯಲಾರದೆ ‘ರೀ, ಮಫ್ಲರ್ ಅಂದ್ರೆ ಏನ್ರೀ?’ ಎಂದು ಕೇಳಿದೆ. ‘ಗೊತ್ತಿಲ್ಲ ರೂಪ’ ಎಂದರು. ಈ ಬಾಯಿ ಒಂದು ಮುಚ್ಚಲಿ ಎಂದು ಇಷ್ಟು ವರ್ಷ ಹರಸಿಕೊಂಡವಳು ನಾನು. ಮುಚ್ಚಿದ ಮೇಲೆ ಮನೆಯೊಳಗೆ ಇರಲಾಗಲಿಲ್ಲ.

ಆಮೇಲೆ ಅತ್ತೆ ನನ್ನನ್ನು ಕರೆದು, ‘ಅಯ್ನೋರ್ಗ ಯೋಳ್ಕಳ್ಸಮ್ಮಿ. ವಿಭೂತಿ ವೀಳ್ಯ ಮಾಡ್ಸ್ಬುಡಿ’ ಎಂದರು.

ಹೋಗುವ ಜೀವಕ್ಕೆ, ಇನ್ನೂ ಉಸಿರಿರುವಾಗಲೇ, ಮೈ ತೊಳೆಸಿ ಕೂರಿಸಿ, ಜಂಗಮರು ವಿಭೂತಿ ಹಚ್ಚಿ ತಲೆಯ ಮೇಲೆ ಪಾದವಿಟ್ಟು ಬೀಳ್ಕೊಡುವುದು ನಮ್ಮವರ ಕ್ರಮ. ಒಂದು ಸಲ ಅದಾಯಿತೆಂದರೆ ಅತ್ತೆಯಂಥವರು ಹಿಂದಿರುಗಿ ನೋಡುವುದಿಲ್ಲ. ಇವರು ‘ನಾನಿರೋವರ್ಗೂ ಆಗಲ್ಲ’ ಎಂದು ಕೂಗಾಡಿದರು. ಅತ್ತೆ ‘ನೀನಿರ್ತಿಯಾ, ನಾನಿರಕಿಲ್ಲ’ ಎಂದರು. ಇವರು ಎದ್ದು ಹಿತ್ತಲಿಗೆ ಹೋಗಿ ಅತ್ತರು. ಕಡೆಗೆ ಸೋಮವಾರ ಎಂದು ನಿಗದಿಯಾಯಿತು.

ಸೋಮವಾರ ಬೆಳಗ್ಗೆ ಗುರುಪಾದಸ್ವಾಮಿ ಅಯ್ಯನವರು ಬಂದು ಜಗಲಿಯಲ್ಲಿ ಕೂತರು. ಇವರು ವೀಳ್ಯದೆಲೆ, ಹೂವು ತರಲು ಅಂಗಡಿ ಬೀದಿಗೆ ಹೋಗಿದ್ದರು. ಅತ್ತೆ ಮಲಗಿದಲ್ಲಿಂದಲೇ ತಮ್ಮ ಬೀಳ್ಕೊಡುಗೆಯ ಯಜಮಾನಿಕೆ ನಡೆಸುತ್ತಿದ್ದರು. ಪಾಯಸಕ್ಕೆ ಬೆಲ್ಲ ಮುಂದಿರಲಿ. ಬೂದುಗೆಂಪು ಸೀರೆ ಬೇಡ, ಹಸಿರಂಚಿನದು ತೆಗಿ. ಅಯ್ಯನವರಿಗೆ ಕಾಫಿ ಕೊಟ್ಟೆಯಾ?

‘ನಲವತ್ ವರ್ಷದಿಂದ ವೀಳ್ಯ ಮಾಡುಸ್ತಾ ಇವ್ನಿ’ ಎಂದರು ಅಯ್ಯನವರು ನನ್ನ ಹತ್ತಿರ ಮೆಲ್ಲಗೆ. ‘ಒಳ್ಗಿಂದ ಕಾಫಿ ವಿಚಾರ್ಸ್ಕಳೋರ್ಗ ಮಾಡ್ಸುದ್ದು ಇಲ್ಲ ಕಣವ್ವ.’

ಅತ್ತೆಯ ಸ್ನಾನಕ್ಕೆ ನೀರು ಕಾಯಬೇಕಿತ್ತು. ನಾನು ಒಲೆ ಹಚ್ಚಿದೆ. ಸೌದೆ ಹಸಿ, ಬರೀ ಹೊಗೆ. ನನ್ನ ಊದುಗೊಳವೆಯಲ್ಲಿ ಊದಿದೆ, ಊದಿದೆ, ಕಣ್ಣಲ್ಲಿ ನೀರು ಬಂತೇ ಹೊರತು ಉರಿ ಬರಲಿಲ್ಲ. ಹೊಗೆ ನಡುಮನೆ ತುಂಬಿತು.

‘ಸಾಯಕ್ಕಾರೂ ಬಿಸ್ನೀರ್ ಕೊಡಕಾಯ್ತಿಲ್ವಲ್ಲ ನಿಂಗ!’ ಎನ್ನುತ್ತ ಅತ್ತೆ ಗೋಡೆ ಹಿಡಿದುಕೊಂಡು ಬಂದೇಬಿಟ್ಟರು. ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ, ಕುಕ್ಕರಗಾಲಿನಲ್ಲಿ ಕೂತು, ಸೌದೆಯನ್ನು ಒಂಚೂರು ಹಿಂದಕ್ಕೆಳೆದು, ತಮ್ಮ ಊದುಗೊಳವೆ ಬಾಯಿಗಿಟ್ಟರು. ಒಂದು ಸಲ ಊದಿದರು. ಬೂದಿ ಹಾರಿತು. ಎರಡನೆಯ ಸಲ ಊದಿದರು. ಭಗ್ಗನೆ ಉರಿ ಎದ್ದು ಹಂಡೆಯ ತಳ ಮುಟ್ಟಿತು. ಒಂದೆರಡು ಸಲ ಕೆಮ್ಮಿದರು, ಸೆರಗಿನಲ್ಲಿ ಮೂಗು ಒರೆಸಿಕೊಂಡರು, ಉರಿ ಸರಿಮಾಡುತ್ತ ಅಲ್ಲೇ ಕೂತರು.

ನಾನು ಆ ಉರಿಯನ್ನೇ ನೋಡುತ್ತ ನಿಂತೆ. ಈ ಎದೆಯಲ್ಲಿ ಗಾಳಿ ಖಾಲಿಯಂತೆ! ಹಸಿ ಸೌದೆಯನ್ನು ಹೊತ್ತಿಸಿದ ಉಸಿರಿಗೆ ಒಂದು ಪ್ಲಾಸ್ಟಿಕ್ ಗುಂಡು ಅಲುಗುವುದಿಲ್ಲವೆಂದರೆ ದೋಷ ಡಬ್ಬದ್ದೇ ಇರಬೇಕು. ಎಲ್ಲೋ ಒಡೆದಿದೆ, ಕಟ್ಟಿಕೊಂಡಿದೆ. ಸಿಟ್ಟಿನಿಂದ ಒಳಗೆ ಹೋಗಿ ತಂಬಿಗೆಯ ಪಕ್ಕದಿಂದ ಡಬ್ಬ ಎತ್ತಿಕೊಂಡೆ. ಅಲುಗಾಡಿಸಿದೆ. ಬೆಳಕಿಗೆ ಹಿಡಿದೆ. ಎಲ್ಲೂ ಬಿರುಕು ಕಾಣಲಿಲ್ಲ.

ಊದಿ ನೋಡದೆ ಗೊತ್ತಾಗುವಂತಿರಲಿಲ್ಲ. ಕೊಳವೆಯ ತುದಿಯ ಮೇಲೆ ಅತ್ತೆಯ ಹಲ್ಲಿನ ಗುರುತಿತ್ತು. ಕಲಗಚ್ಚಿಗೆ ಹೋದ ಸಾರು ನೆನಪಾಯಿತು. ಹೋಗಲಿ, ಇವತ್ತು ನನ್ನನ್ನೇ ಕಲಗಚ್ಚಿಗೆ ಸುರಿಯಲಿ ಎಂದುಕೊಂಡು ಬಾಯಿಗಿಟ್ಟೆ.

ಊದಿದೆ. ಗುಂಡುಗಳು ಕೂತೇ ಇದ್ದವು. ಇನ್ನೂ ಜೋರಾಗಿ ಊದಿದೆ, ಕಿವಿ ಗುಂಯ್ಗುಟ್ಟುವಷ್ಟು. ಇಲ್ಲ. ನನಗೆ ಯಾವ ಕಾಯಿಲೆಯೂ ಇಲ್ಲ, ನನ್ನ ಉಸಿರಿಗೂ ಏಳುತ್ತಿಲ್ಲ. ಎದೆ ಬರಿದಾಗಿ, ಕೊಳವೆಯನ್ನು ಬಾಯಿಂದ ತೆಗೆಯುವುದನ್ನೂ ಮರೆತು ಒಮ್ಮೆಲೇ ಉಸಿರೆಳೆದುಕೊಂಡೆ.

ಟಕ್, ಟಕ್, ಟಕ್. ಮೂರೂ ಗುಂಡು ಹಾರಿ ಗೂಡಿನ ಸೂರಿಗೆ ಬಡಿದವು.

ನಂಬಿಕೆ ಬರಲಿಲ್ಲ. ಮತ್ತೆ ಊದಿದೆ, ಕೂತವು. ಮತ್ತೆ ಎಳೆದೆ, ಎದ್ದವು. ನನಗೆ ನಗು, ಅಳು ಎರಡೂ ಬಂದವು. ತಿರುಗಿದರೆ ಬಾಗಿಲಲ್ಲಿ ಅತ್ತೆ. ಅವರ ಹಿಂದೆ ವೀಳ್ಯದೆಲೆಯ ಪೊಟ್ಟಣ ಹಿಡಿದ ಇವರು, ವಿಭೂತಿ ಕರಡಿಗೆ ಹಿಡಿದ ಅಯ್ಯನವರು.

‘ಎಂಜ್ಲು ಕಣಮ್ಮಿ ಅದು!’ ಅತ್ತೆ ಕೂಗಿದರು. ‘ನನ್ ಬಾಯ್ಗೋದ್ದ ನೀ ಬಾಯ್ಗ್ ಮಡಿಕಂಡಿಯಲ್ಲ!’

‘ಅತ್ತೆ, ಇದು ಊದೋದಲ್ಲ. ಒಳಕ್ಕೆ ಎಳ್ಕೋಬೇಕು. ನೋಡಿ’ ಎಂದು ಮತ್ತೊಮ್ಮೆ ಎಳೆದು ತೋರಿಸಿದೆ. ಟಕ್, ಟಕ್, ಟಕ್. ‘ಊದಿದ್ರೆ ನಂದೂ ಏಳಲ್ಲ. ಯಾರ್ದೂ ಏಳಲ್ಲ.’

ಇವರ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ‘ಊದು ಅಂತ ಹೇಳ್ಕೊಟ್ಟೋನು ನಾನು’ ಎಂದರು. ‘ಆ ಹುಡ್ಗಿ ಹೇಳೋಕೆ ಬಂದ್ಳು, ನಾನು ಬಿಡ್ಲಿಲ್ಲ. ಅವ್ವ, ನಾನೇ ನಿನ್ನ ಇಲ್ಲಿವರ್ಗೂ ತಂದು ಕೂರಿಸ್ಬುಟ್ಟೆ.’ ಪೊಟ್ಟಣ ಕೈಯಿಂದ ಜಾರಿ ಎಲೆಗಳು ನೆಲದ ಮೇಲೆ ಹರಡಿದವು. ಅವರನ್ನು ಬೈಯಲು ಅದಕ್ಕಿಂತ ಒಳ್ಳೆಯ ಅವಕಾಶ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಅದನ್ನು ಬಿಟ್ಟು, ಬಗ್ಗಿ ಎಲೆ ಆರಿಸತೊಡಗಿದೆ.

ಅತ್ತೆ ಮಗನ ತಲೆ ಸವರಿದರು. ‘ಬುಡು ಮಗ. ಗ್ರೀಕ್ನೋರು ಈ ಡಬ್ಬವ ಎಲ್ ನೋಡಿದ್ದಾರು?’

ಆಮೇಲೆ ನನ್ನ ಕಡೆ ಕೈ ಚಾಚಿದರು. ‘ತತ್ತಾ ಇಲ್ಲಿ.’

‘ಇರಿ ಅತ್ತೆ, ಬಿಸಿನೀರಲ್ಲಿ ತೊಳ್ದು ಕೊಡ್ತೀನಿ. ನನ್ ಎಂಜ್ಲಾಗದೆ’ ಎಂದು ಬಚ್ಚಲ ಕಡೆ ಹೊರಟೆ.

ಅತ್ತೆ ನನ್ನ ಮುಂಗೈ ಹಿಡಿದರು. ಕೊಳವೆಯ ತುದಿಯನ್ನು ನೋಡಿದರು, ನನ್ನನ್ನು ನೋಡಿದರು. ಆ ಸಾರು ಅವರಿಗೂ ನೆನಪಿತ್ತೋ ಏನೋ, ನಾನು ಇವತ್ತಿಗೂ ಕೇಳಿಲ್ಲ.

‘ಬ್ಯಾಡ ಬುಡು’ ಎಂದರು. ‘ಬಿಸ್ನೀರು ದಂಡ.’

ಸೆರಗಿನಲ್ಲಿ ಒರೆಸಲೂ ಇಲ್ಲ. ನನ್ನ ಬಾಯಿಂದ ತೆಗೆದ ಕೊಳವೆಯನ್ನು ಹಾಗೆಯೇ ತಮ್ಮ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಒಳಕ್ಕೆ ಎಳೆದರು. ಮೊದಲ ಗುಂಡು ಟಕ್ಕೆಂದಿತು. ಎರಡನೆಯದು ಅರ್ಧಕ್ಕೆ ಏರಿ ಅಲ್ಲೇ ನಡುಗುತ್ತ ನಿಂತಿತು. ಇವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಯ್ಯನವರು ಕರಡಿಗೆಯ ಮುಚ್ಚಳ ಹಾಕಿದರು. ನನಗೆ ಅಳು ಒತ್ತರಿಸಿಕೊಂಡು ಬಂತು. ಹೊಗೆ ಎಂದು ನೆಪ ಹೇಳಲು ನಡುಮನೆಯಲ್ಲಿ ಆಗ ಹೊಗೆಯೂ ಉಳಿದಿರಲಿಲ್ಲ.